ಸೆಮಾಗ್ಲುಟೈಡ್ ಮಾತ್ರೆಯಾಯಿತು, ಇನ್ಸುಲಿನ್ ಇನ್ನೂ ಸೂಜಿಯಲ್ಲೇ ಏಕಿದೆ?

ಮಧುಮೇಹವನ್ನು ಹತೋಟಿಯಲ್ಲಿಡುವ ಮತ್ತು ತೂಕ ಇಳಿಸುವ ಸೆಮಾಗ್ಲುಟೈಡ್ ಔಷಧದ ಭಾರತೀಯ ಪೇಟೆಂಟ್ ಅವಧಿ 2026ರ ಮಾರ್ಚ್‌ಗೆ ಮುಗಿದು, ಅಗ್ಗದ ಆವೃತ್ತಿಗಳಿಗೆ ದಾರಿ ತೆರೆದುಕೊಂಡಿತು. ಅದಕ್ಕೆ ಕೆಲವೇ ತಿಂಗಳು ಮೊದಲು, 2025ರ ಡಿಸೆಂಬರ್‌ನಲ್ಲಿ, ಅಮೆರಿಕದ ಔಷಧ ನಿಯಂತ್ರಕರು ತೂಕ ಇಳಿಸಲು ಅದೇ ಔಷಧವನ್ನು ಮಾತ್ರೆಯ ರೂಪದಲ್ಲಿ ಕೊಡಲು ಒಪ್ಪಿದ್ದರು. ಇನ್ನೂ ಒಂದು ವರ್ಷ ಹಿಂದೆ ಸರಿದರೆ, 2024ರ ಡಿಸೆಂಬರ್‌ನಲ್ಲಿ, ಭಾರತದ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯು ಬಾಯಿಯ ಮೂಲಕ ಸೇದಿಕೊಳ್ಳುವ ಇನ್ಸುಲಿನ್ ಪುಡಿಯನ್ನು ದೇಶಕ್ಕೆ ತರಲು ಸಿಪ್ಲಾ ಕಂಪನಿಗೆ ಅನುಮತಿ ಕೊಟ್ಟಿತ್ತು.

ಈ ಮೂರು ಸುದ್ದಿಗಳನ್ನು ಒಟ್ಟಿಗೆ ಓದಿದವರಿಗೆ ಗೊಂದಲವಾಗುವುದು ಸಹಜ. ಇಂಜೆಕ್ಷನ್ ಆಗಿದ್ದ ಒಂದು ಔಷಧ ಮಾತ್ರೆಯಾಯಿತು. ನೂರು ವರ್ಷ ದಾಟಿದ ಇನ್ಸುಲಿನ್ ಮಾತ್ರ ಸೂಜಿ ಬಿಟ್ಟರೆ ಶ್ವಾಸಕೋಶದವರೆಗೆ ಬಂದು ನಿಂತಿದೆ. ಇದರ ಹಿಂದೆ ಕಂಪನಿಗಳ ಹುನ್ನಾರವಿದೆ, ಪೆನ್ನು ಮತ್ತು ಸೂಜಿಯ ವ್ಯಾಪಾರ ಕೆಡಬಾರದೆಂದು ಮಾತ್ರೆಯನ್ನು ತಡೆಹಿಡಿದಿದ್ದಾರೆ ಎಂಬ ಮಾತು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಇನ್ಸುಲಿನ್ ಮಾತ್ರೆಗಾಗಿ ಕಂಪನಿಗಳು ಸುರಿದಿರುವ ಹಣವನ್ನು ನೋಡಿದರೆ ಈ ಅನುಮಾನ ನಿಲ್ಲುವುದಿಲ್ಲ. ಪ್ರೊಟೀನ್ ಜಾತಿಯ ಔಷಧವನ್ನು ರಕ್ತಕ್ಕೆ ತಲುಪಿಸುವುದು ಕಷ್ಟವಾದರೂ ಅಸಾಧ್ಯವಲ್ಲ. ಆದರೆ ಪ್ರತಿ ಸಲವೂ ಅಷ್ಟೇ ಪ್ರಮಾಣ ತಲುಪುವಂತೆ ಮಾಡುವುದು ಬೇರೆಯೇ ಮಟ್ಟದ ಕಷ್ಟ, ಮತ್ತು ಇನ್ಸುಲಿನ್ ಸಿಕ್ಕಿಬಿದ್ದಿರುವುದು ಅಲ್ಲಿಯೇ.

ದೊಡ್ಡ ಅಣುವಿನ ತೊಂದರೆಗಳು

ಸಕ್ಕರೆ ಕಾಯಿಲೆಯವರಿಗೆ ಚಿರಪರಿಚಿತವಾದ ಮೆಟ್‌ಫಾರ್ಮಿನ್ ಅಣುವಿನ ತೂಕ ಸುಮಾರು 129 ಡಾಲ್ಟನ್. ಸೆಮಾಗ್ಲುಟೈಡ್‌ನದು ಸುಮಾರು 4,100, ಇನ್ಸುಲಿನ್‌ನದು ಸುಮಾರು 5,800. ಕ್ಯಾನ್ಸರ್ ಮತ್ತು ಕೀಲುವಾತಕ್ಕೆ ಕೊಡುವ ಪ್ರತಿಕಾಯ ಔಷಧಗಳು ಸುಮಾರು 1,50,000 ಡಾಲ್ಟನ್ ತೂಗುತ್ತವೆ. ಕರುಳಿನ ಒಳಪೊರೆಯ ಜೀವಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೊಂದಿಕೊಂಡಿದ್ದು, ಕೆಲವು ನೂರು ಡಾಲ್ಟನ್‌ಗಳನ್ನು ಮೀರಿದ ಅಣುಗಳನ್ನು ಸುಲಭವಾಗಿ ದಾಟಲು ಬಿಡುವುದಿಲ್ಲ.

ಗಾತ್ರದ ಜೊತೆಗೆ ಜೀರ್ಣಕ್ರಿಯೆಯ ಕಾಟವೂ ಇದೆ. ಜಠರದ ಆಮ್ಲ ಮತ್ತು ಪೆಪ್ಸಿನ್, ಸಣ್ಣ ಕರುಳಿನ ಟ್ರಿಪ್ಸಿನ್ ಮತ್ತು ಕೈಮೊಟ್ರಿಪ್ಸಿನ್ ಕಿಣ್ವಗಳು ಬೇಳೆಯ ಪ್ರೊಟೀನನ್ನೂ ಔಷಧದ ಪ್ರೊಟೀನನ್ನೂ ಬೇರೆಯಾಗಿ ನೋಡುವುದಿಲ್ಲ. ಎರಡನ್ನೂ ಕತ್ತರಿಸಿ ಅಮೈನೊ ಆಮ್ಲಗಳಾಗಿ ಮಾಡುತ್ತವೆ. ಅಲ್ಲದೆ ಪ್ರೊಟೀನಿನ ಗುಣ ಅದರ ರಾಸಾಯನಿಕ ರಚನೆಯಲ್ಲಷ್ಟೇ ಇಲ್ಲ, ಆ ಸರಪಳಿ ಮಡಚಿಕೊಂಡ ಆಕಾರದಲ್ಲೂ ಇದೆ. ಕಾವು ತಗುಲಿದ ಮೊಟ್ಟೆಯ ಬಿಳಿ ಭಾಗ ಗಟ್ಟಿಯಾದ ಮೇಲೆ ಮತ್ತೆ ದ್ರವವಾಗದಂತೆ, ಮಡಿಕೆ ಬಿಚ್ಚಿ ಗಂಟುಕಟ್ಟಿದ ಪ್ರೊಟೀನ್ ಮತ್ತೆ ಔಷಧವಾಗುವುದಿಲ್ಲ.

ಇಲ್ಲೊಂದು ಕಾನೂನಿನ ಗೆರೆಯನ್ನೂ ಗಮನಿಸಬೇಕು. ಅಮೆರಿಕದ ನಿಯಮದಂತೆ 40ಕ್ಕಿಂತ ಹೆಚ್ಚು ಅಮೈನೊ ಆಮ್ಲಗಳಿರುವುದು ಪ್ರೊಟೀನ್, ಅದಕ್ಕಿಂತ ಚಿಕ್ಕದು ಪೆಪ್ಟೈಡ್. 51 ಅಮೈನೊ ಆಮ್ಲಗಳ ಇನ್ಸುಲಿನ್ 2020ರ ಮಾರ್ಚ್‌ನಿಂದ ಅಲ್ಲಿ ಜೈವಿಕ ಔಷಧಗಳ ಪಟ್ಟಿಗೆ ಸೇರಿತು. 31 ಅಮೈನೊ ಆಮ್ಲಗಳ ಸೆಮಾಗ್ಲುಟೈಡ್ ಹೊರಗುಳಿಯಿತು. ಹೊಟ್ಟೆಯ ಕಿಣ್ವಗಳಿಗೆ ಈ ಗೆರೆಯ ಹಂಗಿಲ್ಲ.

ಸೆಮಾಗ್ಲುಟೈಡ್ ಮಾತ್ರೆಯ ಲೆಕ್ಕ

ಸೆಮಾಗ್ಲುಟೈಡ್‌ನ ಮೊದಲ ಮಾತ್ರೆ 2019ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದು, 2022ರಲ್ಲಿ ಭಾರತಕ್ಕೂ ಬಂತು. ಪ್ರತಿ ಮಾತ್ರೆಯಲ್ಲಿ ಔಷಧ ಕೆಲವು ಮಿಲಿಗ್ರಾಂ ಇದ್ದರೆ, ಅದರ ಜೊತೆಗೆ ಸ್ನ್ಯಾಕ್ ಎಂದು ಕರೆಯುವ ಒಂದು ಕೊಬ್ಬಿನಾಮ್ಲ ಸಂಬಂಧಿ ಲವಣ 300 ಮಿಲಿಗ್ರಾಂ ಇರುತ್ತದೆ. ಮಾತ್ರೆ ಜಠರದ ಗೋಡೆಗೆ ತಗುಲಿ ಕರಗುವ ಜಾಗದಲ್ಲಿ ಈ ಲವಣ ಸ್ವಲ್ಪ ಹೊತ್ತು ಆಮ್ಲವನ್ನು ತಗ್ಗಿಸಿ ಪೆಪ್ಸಿನ್‌ನ ಕೈಕಟ್ಟುತ್ತದೆ, ಜೀವಕೋಶದ ಪೊರೆಯನ್ನು ಸಡಿಲಿಸಿ ಔಷಧ ಒಳಹೋಗಲು ಅನುವು ಮಾಡುತ್ತದೆ. ಇಷ್ಟೆಲ್ಲ ಮಾಡಿದರೂ ರಕ್ತಕ್ಕೆ ಸೇರುವುದು ನುಂಗಿದ್ದರಲ್ಲಿ ಸುಮಾರು ಶೇ 1 ಅಥವಾ ಅದಕ್ಕೂ ಕಡಿಮೆ.

ತೂಕ ಇಳಿಸಲು ಬಳಸುವ ಇಂಜೆಕ್ಷನ್‌ನ ರೂಢಿಯ ಪೂರ್ಣ ಪ್ರಮಾಣ ವಾರಕ್ಕೆ 2.4 ಮಿಲಿಗ್ರಾಂ. ಅದೇ ಉದ್ದೇಶದ ಮಾತ್ರೆಯ ಪೂರ್ಣ ಪ್ರಮಾಣ ದಿನಕ್ಕೆ 25 ಮಿಲಿಗ್ರಾಂ, ಅಂದರೆ ವಾರಕ್ಕೆ 175. ಸೂಜಿಯನ್ನು ತಪ್ಪಿಸುವ ಒಂದೇ ಕಾರಣಕ್ಕೆ 70 ಪಟ್ಟಿಗಿಂತ ಹೆಚ್ಚು ಔಷಧವನ್ನು ತಯಾರಿಸಿ, ಅದರ ಬಹುಪಾಲನ್ನು ಜೀರ್ಣರಸಕ್ಕೆ ಒಪ್ಪಿಸಬೇಕಾಗುತ್ತದೆ.

ಇಷ್ಟು ವ್ಯರ್ಥವಾದರೂ ಮಾತ್ರೆ ಕೆಲಸ ಮಾಡುವುದು ಹೇಗೆ? ಇದಕ್ಕೆ ಉತ್ತರ ಅಣುವಿನ ವಿನ್ಯಾಸದಲ್ಲಿದೆ. ಸೆಮಾಗ್ಲುಟೈಡ್ ಅನುಕರಿಸುವುದು ನಮ್ಮ ಕರುಳು ಸ್ರವಿಸುವ ಜಿಎಲ್‌ಪಿ-1 ಎಂಬ ಹಾರ್ಮೋನನ್ನು. ಆ ಹಾರ್ಮೋನು ರಕ್ತದಲ್ಲಿ ಒಂದೆರಡು ನಿಮಿಷಕ್ಕೆ ಅರ್ಧಕ್ಕಿಳಿಯುತ್ತದೆ. ಸೆಮಾಗ್ಲುಟೈಡ್‌ನಲ್ಲಿ ಒಂದು ಅಮೈನೊ ಆಮ್ಲವನ್ನು ಬದಲಿಸಿ ಕಿಣ್ವದ ಕತ್ತರಿಯನ್ನು ತಪ್ಪಿಸಿದ್ದಾರೆ; ಉದ್ದನೆಯ ಕೊಬ್ಬಿನಾಮ್ಲದ ಬಾಲವನ್ನು ಜೋಡಿಸಿ ಅದು ರಕ್ತದ ಆಲ್ಬುಮಿನ್ ಎಂಬ ಪ್ರೊಟೀನಿಗೆ ಅಂಟಿಕೊಂಡಿರುವಂತೆ ಮಾಡಿದ್ದಾರೆ. ಹೀಗಾಗಿ ಅದರ ಅರ್ಧಾಯುಷ್ಯ ಸುಮಾರು ಒಂದು ವಾರ. ಇಂದು ಶೇ 0.4ರಷ್ಟು, ನಾಳೆ ಶೇ 1ರಷ್ಟು ಒಳಗೆ ಹೋದರೂ ಹಿಂದಿನ ದಿನಗಳ ಉಳಿಕೆ ರಕ್ತದಲ್ಲಿ ಇದ್ದೇ ಇರುವುದರಿಂದ ಏರಿಳಿತ ಸರಾಸರಿಯಲ್ಲಿ ಕರಗಿಹೋಗುತ್ತದೆ. ಒಂದು ದಿನ ತುಸು ಹೆಚ್ಚಾದರೂ ವಾಕರಿಕೆ ಬಂದೀತು, ಪ್ರಾಣಕ್ಕೆ ಅಪಾಯವಾಗುವುದು ಅಪರೂಪ. ಮಾತ್ರೆಯ ಯಶಸ್ಸಿನಲ್ಲಿ ಆ ಲವಣಕ್ಕೆ ಸಲ್ಲುವಷ್ಟೇ ಪಾಲು ಈ ಸಹನೆಗೂ ಸಲ್ಲಬೇಕು. ಸುದ್ದಿಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಅಂಶವಿದು.

ಇನ್ಸುಲಿನ್ ತಪ್ಪನ್ನು ಸಹಿಸುವುದಿಲ್ಲ

ಇನ್ಸುಲಿನ್ ವಿಷಯದಲ್ಲಿ ಈ ಅನುಕೂಲ ಇಲ್ಲ. ರಕ್ತದಲ್ಲಿ ಅದರ ಅರ್ಧಾಯುಷ್ಯ ಕೆಲವೇ ನಿಮಿಷ. ಊಟಕ್ಕೆ ಬೇಕಾದುದಕ್ಕಿಂತ ಕಡಿಮೆಯಾದರೆ ಸಕ್ಕರೆ ಏರುತ್ತದೆ, ಹೆಚ್ಚಾದರೆ ಒಂದು ಗಂಟೆಯೊಳಗೆ ಬೆವರು, ನಡುಕ, ಎಚ್ಚರ ತಪ್ಪುವಿಕೆಯವರೆಗೆ ಹೋಗಬಹುದು. ದಿನಕ್ಕೆ 30 ಯೂನಿಟ್ ತೆಗೆದುಕೊಳ್ಳುವವರು ಬಳಸುವ ಇನ್ಸುಲಿನ್ ತೂಕದಲ್ಲಿ ಸುಮಾರು 1 ಮಿಲಿಗ್ರಾಂ ಮಾತ್ರ. ಮಾತ್ರೆಯಿಂದ ಶೇ 1ರಷ್ಟು ಹೀರಿಕೆಯಾಗುತ್ತದೆಂದು ಇಟ್ಟುಕೊಂಡರೆ 100 ಮಿಲಿಗ್ರಾಂ ನುಂಗಬೇಕು. ಆ ಶೇ 1 ಒಂದು ದಿನ ಅರ್ಧವಾಗಿ, ಮರುದಿನ ಒಂದೂವರೆಯಾದರೆ ದೇಹಕ್ಕೆ ಸಿಗುವ ಪ್ರಮಾಣ ಮೂರು ಪಟ್ಟಾಗುತ್ತದೆ. ತಿಂಡಿ ತಿಂದ ಹೊತ್ತು, ಕುಡಿದ ನೀರು, ಹೊಟ್ಟೆ ಖಾಲಿಯಾಗುವ ವೇಗ ಇವೆಲ್ಲವೂ ದಿನದಿಂದ ದಿನಕ್ಕೆ ಬದಲಾಗುವಾಗ ಇಂಥ ವ್ಯತ್ಯಾಸ ಕಲ್ಪನೆಯಲ್ಲಷ್ಟೇ ಇರುವಂಥದ್ದಲ್ಲ.

ಆದರೂ ಪ್ರಯತ್ನಗಳು ನಿಂತಿರಲಿಲ್ಲ. ಮೇದೋಜೀರಕ ಗ್ರಂಥಿಯಿಂದ ಹೊರಟ ಇನ್ಸುಲಿನ್ ಮೊದಲು ಸೇರುವುದು ಯಕೃತ್ತನ್ನು. ಕರುಳಿನಿಂದ ಹೀರಿಕೆಯಾದದ್ದೂ ಅದೇ ಹಾದಿಯಲ್ಲಿ ಹೋಗುತ್ತದೆ, ಚರ್ಮದಡಿ ಚುಚ್ಚಿದ್ದು ಹಾಗೆ ಹೋಗುವುದಿಲ್ಲ. ಆದ್ದರಿಂದ ಮಾತ್ರೆಯೇ ಪ್ರಕೃತಿಗೆ ಹತ್ತಿರ ಎಂಬ ವಾದದಲ್ಲಿ ಹುರುಳಿದೆ. ಬೆಂಗಳೂರಿನ ಬಯೋಕಾನ್ ಈ ನಂಬಿಕೆಯ ಮೇಲೆ ವರ್ಷಗಟ್ಟಲೆ ದುಡಿಯಿತು. ಯೀಸ್ಟ್ ಜಾತಿಯ ಪಿಕಿಯ ಎಂಬ ಸೂಕ್ಷ್ಮಜೀವಿಯಿಂದ ಮಾನವ ಇನ್ಸುಲಿನ್ ತಯಾರಿಸಿ 2004ರಲ್ಲಿ ಮಾರುಕಟ್ಟೆಗೆ ಬಿಟ್ಟಿದ್ದ ಕಂಪನಿಯದು. 2006ರಲ್ಲಿ ಅದು ಅಮೆರಿಕದ ನೋಬೆಕ್ಸ್ ಕಂಪನಿಯ ಸ್ವತ್ತುಗಳನ್ನು ಕೊಂಡು, ಇನ್ಸುಲಿನ್‌ಗೆ ರಾಸಾಯನಿಕ ಬಾಲವೊಂದನ್ನು ಜೋಡಿಸಿದ ಐಎನ್-105 ಎಂಬ ಮಾತ್ರೆಯನ್ನು ಬೆಳೆಸಿತು. 2011ರ ಆರಂಭದಲ್ಲಿ ಹೊರಬಿದ್ದ ಮೂರನೇ ಹಂತದ ಪರೀಕ್ಷೆಯ ಫಲಿತಾಂಶದಲ್ಲಿ, ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಇಳಿಸುವ ಮುಖ್ಯ ಗುರಿ ಈಡೇರಲಿಲ್ಲ.

ಸೆಮಾಗ್ಲುಟೈಡ್ ತಯಾರಿಸಿದ ನೊವೊ ನಾರ್ಡಿಸ್ಕ್ ಕಂಪನಿಯ ಅನುಭವ ಇನ್ನೂ ಪಾಠದಂತಿದೆ, ಏಕೆಂದರೆ ಅಲ್ಲಿ ಔಷಧ ಸೋಲಲಿಲ್ಲ. ಅದರ ದೀರ್ಘಕಾಲಿಕ ಇನ್ಸುಲಿನ್ ಮಾತ್ರೆ ಎರಡನೇ ಹಂತದ ಪರೀಕ್ಷೆಯಲ್ಲಿ ಗ್ಲಾರ್ಜಿನ್ ಎಂಬ ದೀರ್ಘಕಾಲಿಕ ಇನ್ಸುಲಿನ್ ಇಂಜೆಕ್ಷನ್‌ಗೆ ಸರಿಸಮನಾಗಿ ಸಕ್ಕರೆಯನ್ನು ಹತೋಟಿಗೆ ತಂದಿತು. ಆದರೆ ಅದಕ್ಕೆ ಬೇಕಾದ ಇನ್ಸುಲಿನ್ ಪ್ರಮಾಣ ಎಷ್ಟಿತ್ತೆಂದರೆ ವ್ಯಾಪಾರವಾಗಿ ನಿಲ್ಲಲಾರದೆಂದು ತೀರ್ಮಾನಿಸಿ ಕಂಪನಿ 2016ರಲ್ಲಿ ಯೋಜನೆಯನ್ನೇ ಕೈಬಿಟ್ಟಿತು. 2023ರ ಜನವರಿಯಲ್ಲಿ ಒರಾಮೆಡ್ ಕಂಪನಿಯ ಇನ್ಸುಲಿನ್ ಕ್ಯಾಪ್ಸೂಲು ಮೂರನೇ ಹಂತದಲ್ಲಿ ಬಿದ್ದಿತು.

ಶ್ವಾಸಕೋಶದ ದಾರಿ

ಉಸಿರಿನ ಹಾದಿಯಲ್ಲಿ ಪೆಪ್ಸಿನ್ ಇಲ್ಲ, ಆಮ್ಲವಿಲ್ಲ, ಹೀರಿಕೊಳ್ಳುವ ಮೇಲ್ಮೈ ವಿಶಾಲವಾಗಿದೆ. ಹಾಗೆಂದು ನಂಬಿ ಫೈಜರ್ 2006ರಲ್ಲಿ ಎಕ್ಸುಬೆರಾ ಎಂಬ ಸೇದುವ ಇನ್ಸುಲಿನ್ ತಂದಿತು. ಸಾಧನ ಟಾರ್ಚಿನಷ್ಟು ದೊಡ್ಡದು, ಬೆಲೆ ಹೆಚ್ಚು, ಪದೇ ಪದೇ ಶ್ವಾಸಕೋಶದ ಪರೀಕ್ಷೆ ಬೇಕು. 2007ರ ಅಕ್ಟೋಬರ್‌ನಲ್ಲಿ ಕಂಪನಿ ಅದನ್ನು ಹಿಂದಕ್ಕೆ ತೆಗೆದುಕೊಂಡು 280 ಕೋಟಿ ಡಾಲರ್ ನಷ್ಟವನ್ನು ಲೆಕ್ಕಕ್ಕೆ ಬರೆಯಿತು.

ಆ ಸೋಲಿನಲ್ಲಿ ಸಾಧನದ ಗಾತ್ರವನ್ನೇ ಎಲ್ಲರೂ ನೆನೆಯುತ್ತಾರೆ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಗಂಭೀರವಾದದ್ದು ಅದರ ಪುಡಿಯ ಪೊಟ್ಟಣಗಳ ಲೆಕ್ಕ. 1 ಮಿಲಿಗ್ರಾಂ ಪೊಟ್ಟಣ ಸುಮಾರು 3 ಯೂನಿಟ್‌ಗೆ ಸಮ. 3 ಮಿಲಿಗ್ರಾಂ ಪೊಟ್ಟಣ 9ಕ್ಕೆ ಸಮವಾಗಬೇಕಿತ್ತು, ಆದರೆ ಅದು ಸುಮಾರು 8ಕ್ಕೆ ಸಮ. 3 ಮಿಲಿಗ್ರಾಂ ಪೊಟ್ಟಣ ಮುಗಿಯಿತೆಂದು ಒಂದೊಂದು ಮಿಲಿಗ್ರಾಂನ ಮೂರನ್ನು ಸೇದಿದರೆ ದೇಹಕ್ಕೆ ಹೆಚ್ಚು ಇನ್ಸುಲಿನ್ ಸೇರಿಬಿಡುತ್ತಿತ್ತು. ಯೂನಿಟ್‌ಗಳಲ್ಲಿ ಯೋಚಿಸಿ ಅಭ್ಯಾಸವಾದ ರೋಗಿ ಮತ್ತು ವೈದ್ಯರಿಬ್ಬರಿಗೂ ಇದು ತಲೆನೋವಿನ ಸಂಗತಿ.

ಈಗ ಭಾರತಕ್ಕೆ ಅನುಮತಿ ಪಡೆದಿರುವ ಅಫ್ರೆಜಾ ಬೇರೆ ತಲೆಮಾರಿನದು. ಅಮೆರಿಕದಲ್ಲಿ 2014ರಿಂದಲೂ ಒಪ್ಪಿಗೆ ಪಡೆದಿದೆ. ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳುವಷ್ಟು ಚಿಕ್ಕ ಸಾಧನ, 4, 8 ಮತ್ತು 12 ಯೂನಿಟ್‌ಗಳ ಕಾರ್ಟ್ರಿಜ್. ಇನ್ಸುಲಿನನ್ನು ಹೊತ್ತ ಎರಡು-ಎರಡೂವರೆ ಮೈಕ್ರಾನ್‌ನ ಕಣಗಳು ಶ್ವಾಸಕೋಶದ ಆಳಕ್ಕಿಳಿದು, ಅಲ್ಲಿನ ತಟಸ್ಥ ಪರಿಸರದಲ್ಲಿ ಕೂಡಲೇ ಕರಗುತ್ತವೆ. ಊಟದ ಹೊತ್ತಿಗೆ ತಕ್ಷಣ ಕೆಲಸ ಮಾಡಿ ಬೇಗ ಇಳಿಯುತ್ತದೆ. ಆದರೆ ಇದು ದಿನವಿಡೀ ಬೇಕಾದ ಬುನಾದಿ ಇನ್ಸುಲಿನ್‌ಗೆ ಬದಲಿಯಲ್ಲ. ಟೈಪ್ 1 ಮಧುಮೇಹ ಇರುವವರು ದೀರ್ಘಕಾಲಿಕ ಇನ್ಸುಲಿನನ್ನು ಚುಚ್ಚಿಕೊಳ್ಳಲೇಬೇಕು. ಅಸ್ತಮಾ ಅಥವಾ ಶ್ವಾಸಕೋಶದ ದೀರ್ಘಕಾಲಿಕ ಕಾಯಿಲೆ ಇರುವವರು ಬಳಸುವಂತಿಲ್ಲ, ಧೂಮಪಾನಿಗಳಿಗೆ ಸಲ್ಲದು, ಆರಂಭಿಸುವ ಮೊದಲೂ ಆಮೇಲೂ ಸ್ಪೈರೊಮೆಟ್ರಿ, ಅಂದರೆ ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಪರೀಕ್ಷೆ, ಮಾಡಿಸಬೇಕು.

ಸೀಸೆಯೊಳಗೇ ಶುರುವಾಗುವ ಕಷ್ಟ

ದೇಹದ ಹೊರಗಿರುವಾಗಲೂ ಪ್ರೊಟೀನ್ ಸುಮ್ಮನಿರುವುದಿಲ್ಲ. 1922ರ ಜನವರಿ 11ರಂದು ಟೊರಾಂಟೊದಲ್ಲಿ ಲೆನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಕೊಟ್ಟ ಮೊದಲ ಇನ್ಸುಲಿನ್ ಸಾರ ಅಶುದ್ಧವಾಗಿದ್ದು ಫಲ ಕೊಡಲಿಲ್ಲ. ಜೀವರಸಾಯನಜ್ಞ ಕಾಲಿಪ್ ಶುದ್ಧಗೊಳಿಸಿದ ಸಾರವನ್ನು ಅದೇ ತಿಂಗಳ 23ರಿಂದ ಕೊಟ್ಟಾಗ ಹುಡುಗ ಚೇತರಿಸಿದ. ಇನ್ಸುಲಿನ್ ಕಂಡುಹಿಡಿದಷ್ಟೇ ಮುಖ್ಯ ಅದನ್ನು ಕೊಡುವಂಥ ರೂಪಕ್ಕೆ ತರುವುದು ಎಂಬುದು ಆಗಲೇ ಗೊತ್ತಾಗಿತ್ತು.

ಸೀಸೆಯಲ್ಲಿ ಇನ್ಸುಲಿನ್ ಅಣುಗಳು ಸತುವಿನ ಸುತ್ತ ಆರಾರಾಗಿ ಗುಂಪು ಕಟ್ಟಿರುತ್ತವೆ. ಈ ಗುಂಪು ಅಣುವನ್ನು ಕೆಡದಂತೆ ಕಾಯುತ್ತದೆ. ಸೂಕ್ಷ್ಮಾಣು ಬೆಳೆಯದಿರಲೆಂದು ಸೇರಿಸುವ ಮೆಟಾ-ಕ್ರೆಸಾಲ್, ಫೀನಾಲ್‌ಗಳು ಗುಂಪನ್ನು ಇನ್ನಷ್ಟು ಗಟ್ಟಿಗೊಳಿಸುತ್ತವೆ. ಇನ್ಸುಲಿನ್ ತೆಗೆದಾಗ ಮೂಗಿಗೆ ಬಡಿಯುವ ಆಸ್ಪತ್ರೆಯ ವಾಸನೆ ಇವುಗಳದೇ. ಆದರೆ ಕೆಲಸ ಮಾಡುವುದು ಒಂಟಿ ಅಣು. ಚುಚ್ಚಿದ ಮೇಲೆ ಗುಂಪು ಒಡೆದು ಚದುರಲು ಹೊತ್ತು ಬೇಕು, ಹಾಗಾಗಿ ಸಾದಾ ಇನ್ಸುಲಿನನ್ನು ಊಟಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳಬೇಕು. 1996ರಲ್ಲಿ ಬಂದ ಲಿಸ್ಪ್ರೊದಲ್ಲಿ ಎರಡು ಅಮೈನೊ ಆಮ್ಲಗಳ ಸ್ಥಾನ ಅದಲುಬದಲು ಮಾಡಿ ಗುಂಪು ಬೇಗ ಒಡೆಯುವಂತೆ ಮಾಡಿದರು. ಗ್ಲಾರ್ಜಿನ್‌ನಲ್ಲಿ ಇದಕ್ಕೆ ತಿರುಗುಮುರುಗು: ಸೀಸೆಯಲ್ಲಿ ಆಮ್ಲೀಯ ದ್ರಾವಣ, ಚರ್ಮದಡಿ ಸೇರಿದೊಡನೆ ಗರಣೆಗಟ್ಟಿ ನಿಧಾನವಾಗಿ ಕರಗುತ್ತದೆ. ಅದನ್ನು ಬೇರೆ ಇನ್ಸುಲಿನ್ ಜೊತೆ ಒಂದೇ ಸಿರಿಂಜಿನಲ್ಲಿ ಬೆರೆಸಬಾರದೆನ್ನುವುದು ಇದೇ ಕಾರಣಕ್ಕೆ.

ಸೀಸೆಯನ್ನು ಜೋರಾಗಿ ಅಲುಗಾಡಿಸಿದರೆ ಗಾಳಿ ಮತ್ತು ನೀರು ಸೇರುವ ಮೇಲ್ಮೈಯಲ್ಲಿ ಪ್ರೊಟೀನಿನ ಮಡಿಕೆ ಬಿಚ್ಚುತ್ತದೆ, ಬಿಸಿಲಿಗೆ ನಾರುಗಟ್ಟುತ್ತದೆ, ಹೆಪ್ಪುಗಟ್ಟಿದರೆ ಕೆಡುತ್ತದೆ. ಫ್ರೀಜರ್‌ಗೆ ಒತ್ತಿಕೊಂಡಿಟ್ಟ ವಯಲ್ ಹೊರಗಿಟ್ಟದ್ದಕ್ಕಿಂತ ಬೇಗ ಹಾಳಾಗಬಹುದು. ಕೆಟ್ಟ ಇನ್ಸುಲಿನ್ ಎಲ್ಲ ಸಲವೂ ಕಣ್ಣಿಗೆ ಕೆಟ್ಟದ್ದಾಗಿ ಕಾಣುವುದೂ ಇಲ್ಲ.

ಜೊತೆಗಿನ ಪದಾರ್ಥವೊಂದನ್ನು ಬದಲಿಸಿದರೆ ಏನಾಗಬಹುದು ಎಂಬುದಕ್ಕೆ ಎಪ್ರೆಕ್ಸ್ ಪ್ರಕರಣ ಸಾಕ್ಷಿ. ಮೂತ್ರಪಿಂಡದ ಕಾಯಿಲೆಯವರ ರಕ್ತಹೀನತೆಗೆ ಕೊಡುತ್ತಿದ್ದ ಈ ಪ್ರೊಟೀನ್ ಔಷಧದಿಂದ 1998ರಲ್ಲಿ, ಸೋಂಕಿನ ಭಯಕ್ಕೆ, ಮಾನವ ಆಲ್ಬುಮಿನ್ ತೆಗೆದು ಪಾಲಿಸಾರ್ಬೇಟ್ 80 ಸೇರಿಸಲಾಯಿತು. ಔಷಧದ ಅಣು ಹಿಂದಿನದೇ. ಆದರೂ ಮುಂದಿನ ವರ್ಷಗಳಲ್ಲಿ ಕೆಲವು ರೋಗಿಗಳ ದೇಹ ಈ ಔಷಧದ ವಿರುದ್ಧ ಪ್ರತಿಕಾಯ ಬೆಳೆಸಿ, ಅವು ಕೆಂಪು ರಕ್ತಕಣ ಬೆಳೆಸುವ ದೇಹದ ಸ್ವಂತ ಹಾರ್ಮೋನಾದ ಎರಿತ್ರೊಪೊಯೆಟಿನ್ ಮೇಲೂ ಎರಗಿ, ಕೆಂಪು ರಕ್ತಕಣಗಳ ಉತ್ಪಾದನೆಯೇ ನಿಂತುಹೋಯಿತು. ಸಿರಿಂಜಿನ ರಬ್ಬರ್‌ನಿಂದ ಸೋರಿದ ವಸ್ತುಗಳೋ, ಗಂಟುಕಟ್ಟಿದ ಪ್ರೊಟೀನ್ ಕಣಗಳೋ ಎಂಬ ಚರ್ಚೆ ಪೂರ್ತಿ ಬಗೆಹರಿಯಲಿಲ್ಲ. ಜೈವಿಕ ಔಷಧಗಳ ಮರುಸೃಷ್ಟಿಗೆ, ಅಂದರೆ ಬಯೋಸಿಮಿಲರ್‌ಗಳಿಗೆ, ಸಾಮಾನ್ಯ ಜನರಿಕ್ ಮಾತ್ರೆಗಿಂತ ಬಿಗಿಯಾದ ಪರೀಕ್ಷೆ ಕೇಳುವುದರ ಹಿಂದೆ ಇಂಥ ಅನುಭವಗಳಿವೆ.

ಪ್ರತಿಕಾಯ ಔಷಧಗಳ ಬಗ್ಗೆ ಒಂದೇ ಮಾತು

ಇಲ್ಲಿ ಮಾತ್ರೆಯ ಕನಸನ್ನು ಸದ್ಯಕ್ಕೆ ಬಹುತೇಕ ಯಾರೂ ಕಾಣುವುದಿಲ್ಲ. ಪ್ರಶ್ನೆ ಇರುವುದು ಡ್ರಿಪ್‌ನಿಂದ ಚರ್ಮದಡಿಯ ಇಂಜೆಕ್ಷನ್‌ಗೆ ಬರುವುದು ಹೇಗೆಂದು. ನೂರಾರು ಮಿಲಿಗ್ರಾಂ ಪ್ರತಿಕಾಯವನ್ನು ಒಂದೆರಡು ಮಿಲಿಲೀಟರ್‌ಗೆ ಇಳಿಸಿದರೆ ದ್ರಾವಣ ಜೇನಿನಂತೆ ಮಂದವಾಗಿ ಸೂಜಿಯಲ್ಲಿ ಸಾಗುವುದಿಲ್ಲ. ಚರ್ಮದಡಿಯ ಅಂಗಾಂಶವನ್ನು ಸ್ವಲ್ಪ ಹೊತ್ತು ಸಡಿಲಿಸುವ ಹೈಲುರೊನಿಡೇಸ್ ಕಿಣ್ವವನ್ನು ಬೆರೆಸಿ ಈ ಮಿತಿಯನ್ನು ದಾಟಲಾಗಿದೆ: ಸ್ತನ ಕ್ಯಾನ್ಸರ್‌ನ ಟ್ರಾಸ್ಟುಜುಮ್ಯಾಬ್‌ನ 600 ಮಿಲಿಗ್ರಾಂ 5 ಮಿಲಿಲೀಟರ್‌ನಲ್ಲಿ ಐದು ನಿಮಿಷದೊಳಗೆ ಮುಗಿಯುತ್ತದೆ, 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಒಪ್ಪಿದ ಪೆಂಬ್ರೊಲಿಜುಮ್ಯಾಬ್‌ನ ಹೊಸ ರೂಪ ಒಂದೆರಡು ನಿಮಿಷದಲ್ಲಿ.

ವಾದ ಮತ್ತು ಪ್ರತಿವಾದ

ಸೂಜಿ ತಪ್ಪಿಸುವ ಸಂಶೋಧನೆಗೆ ಹಣ ಹಾಕಬೇಕೆನ್ನುವವರ ವಾದ ಬಲವಾಗಿದೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ. ಸೂಜಿಯ ಭಯದಿಂದ, ಇನ್ಸುಲಿನ್ ಎಂದರೆ ಕೊನೆಯ ಹಂತ ಎಂಬ ತಪ್ಪು ತಿಳಿವಳಿಕೆಯಿಂದ ಚಿಕಿತ್ಸೆಯನ್ನು ಮುಂದೂಡುವವರು ಬಹಳ. ಅಂಥವರು ಒಪ್ಪುವ ರೂಪ ಸಿಕ್ಕರೆ ಕಣ್ಣು, ಮೂತ್ರಪಿಂಡಗಳಿಗೆ ಆಗುವ ಹಾನಿ ತಗ್ಗೀತು.

ಎದುರು ವಾದವೂ ಹಗುರವಲ್ಲ. ನಮ್ಮಲ್ಲಿ ಮಿಲಿಲೀಟರ್‌ಗೆ 40 ಯೂನಿಟ್‌ನ ವಯಲ್ ಮತ್ತು 100 ಯೂನಿಟ್‌ನ ಕಾರ್ಟ್ರಿಜ್ ಎರಡೂ ಬಳಕೆಯಲ್ಲಿವೆ. ಒಂದರ ಸಿರಿಂಜನ್ನು ಇನ್ನೊಂದಕ್ಕೆ ಬಳಸಿದರೆ ಪ್ರಮಾಣ ಎರಡೂವರೆ ಪಟ್ಟು ತಪ್ಪುತ್ತದೆ. ಕರೆಂಟು ಕೈಕೊಡುವ, ಫ್ರಿಜ್ ಇಲ್ಲದ ಮನೆಗಳಿವೆ. ಇಂಥ ಕಡೆ ಮೊದಲು ಬೇಕಾದದ್ದು ಕಡಿಮೆ ಬೆಲೆಯ ಮಾನವ ಇನ್ಸುಲಿನ್, ಸರಿಯಾದ ಸಿರಿಂಜು ಮತ್ತು ಅದನ್ನು ಹೇಳಿಕೊಡುವ ನರ್ಸ್ ಎಂಬುದು ಅವರ ನಿಲುವು. ಸದ್ಯದ ಪರಿಸ್ಥಿತಿಯಲ್ಲಿ ಈ ಎರಡನೆಯ ಗುಂಪಿನ ಲೆಕ್ಕಾಚಾರವೇ ಹೆಚ್ಚು ಸರಿಯೆನಿಸುತ್ತದೆ, ಏಕೆಂದರೆ ಹೊಸ ರೂಪಗಳು ಸೂಜಿಯನ್ನು ತೆಗೆದರೂ ಜಾಗರೂಕತೆಯ ಅಗತ್ಯವನ್ನು ತೆಗೆಯುವುದಿಲ್ಲ. ಅದನ್ನು ಬೇರೆ ಕಡೆಗೆ ಸಾಗಿಸುತ್ತವೆ.

ಮುಂದೆ ಆಗಬಹುದಾದದ್ದು

ಪೇಟೆಂಟ್ ಮುಗಿದ ಮೇಲೆ ಇಂಜೆಕ್ಷನ್ ಮತ್ತು ಮಾತ್ರೆಯ ಬೆಲೆಗಳು ಒಂದೇ ಹದದಲ್ಲಿ ಇಳಿಯಬೇಕೆಂದಿಲ್ಲ. ಇಂಜೆಕ್ಷನ್‌ನಲ್ಲಿ ಅಣುವಿನ ಪಾಲು ಅತ್ಯಲ್ಪ, ಖರ್ಚು ಹೆಚ್ಚಾಗಿ ಪೆನ್ನು ಮತ್ತು ಶುಚಿಯಾದ ತುಂಬುವಿಕೆಯದು. ಮಾತ್ರೆಯಲ್ಲಿ ಇದಕ್ಕೆ ವಿರುದ್ಧವಾಗಿ ಅಣುವೇ ಎಪ್ಪತ್ತು ಪಟ್ಟು ಬೇಕು. ಹಾಗಾಗಿ ಕಚ್ಚಾ ಸೆಮಾಗ್ಲುಟೈಡ್‌ನ ಉತ್ಪಾದನಾ ವೆಚ್ಚ ಎಷ್ಟು ಇಳಿಯುತ್ತದೆ ಎಂಬುದರ ಮೇಲೆ ಮಾತ್ರೆಯ ಭವಿಷ್ಯ ನಿಂತಿದೆ.

ಮಾತ್ರೆ ಅಗ್ಗವಾದಷ್ಟೂ ಅದನ್ನು ಇತರ ಮಾತ್ರೆಗಳಂತೆಯೇ ನುಂಗುವವರು ಹೆಚ್ಚುತ್ತಾರೆ. ಅದನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, 120 ಮಿಲಿಲೀಟರ್ ಮೀರದ ನೀರಿನೊಂದಿಗೆ ನುಂಗಿ, ಅರ್ಧ ಗಂಟೆ ಏನನ್ನೂ ಸೇವಿಸದೆ ಇರಬೇಕು. ಎದ್ದ ಕೂಡಲೇ ಕಾಫಿ ಕುಡಿಯುವ ಮನೆಯಲ್ಲಿ ಇದು ಸಣ್ಣ ಷರತ್ತಲ್ಲ. ತೇವಕ್ಕೆ ಕೆಡುವುದರಿಂದ ವಾರದ ಮಾತ್ರೆಗಳನ್ನು ಡಬ್ಬಿಗೆ ಬಿಡಿಸಿಟ್ಟುಕೊಳ್ಳುವಂತಿಲ್ಲ. ಥೈರಾಯ್ಡ್ ಮಾತ್ರೆಯೂ ಖಾಲಿ ಹೊಟ್ಟೆಯದೇ. ಎರಡನ್ನೂ ಒಟ್ಟಿಗೆ ನುಂಗಿದಾಗ ಥೈರಾಕ್ಸಿನ್ ಹೀರಿಕೆ ಸುಮಾರು ಶೇ 33ರಷ್ಟು ಹೆಚ್ಚಿದ್ದು ಪರೀಕ್ಷೆಗಳಲ್ಲಿ ಕಂಡಿದೆ. ಎರಡೂ ಕಾಯಿಲೆ ಇರುವವರು ವೈದ್ಯರಿಗೆ ಹೇಳಿ ಥೈರಾಯ್ಡ್ ಮಟ್ಟವನ್ನು ಪರೀಕ್ಷಿಸಿಕೊಳ್ಳುತ್ತಿರಬೇಕಾಗುತ್ತದೆ.

ಸೇದುವ ಇನ್ಸುಲಿನ್‌ನ ವ್ಯಾಪ್ತಿಯನ್ನು ಸ್ಪೈರೊಮೆಟ್ರಿ ಯಂತ್ರ ಎಲ್ಲಿದೆ ಎಂಬುದೇ ನಿರ್ಧರಿಸಲಿದೆ. ಸೌದೆ ಒಲೆಯ ಹೊಗೆಯಲ್ಲಿ ವರ್ಷಗಟ್ಟಲೆ ಅಡುಗೆ ಮಾಡಿದ ಹೆಂಗಸರಲ್ಲಿ ಶ್ವಾಸಕೋಶದ ಕಾಯಿಲೆ ಪತ್ತೆಯಾಗದೆ ಉಳಿದಿರುವ ಸಂಭವವಿದೆ. ಪರೀಕ್ಷೆ ಇಲ್ಲದೆ ಅವರಿಗೆ ಈ ಪುಡಿ ಬರೆದುಕೊಟ್ಟರೆ ಉಸಿರುಗಟ್ಟುವ ಅಪಾಯವನ್ನು ಆಹ್ವಾನಿಸಿದಂತೆ.

ಇನ್ನು ಹಳೆಯ ವಯಲ್‌ನ ವಿಷಯದಲ್ಲಿ ಒಂದು ಸಮಾಧಾನದ ಸುದ್ದಿಯಿದೆ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2023ರ ವಿಮರ್ಶೆಯ ಪ್ರಕಾರ ತೆರೆಯದ ಮಾನವ ಇನ್ಸುಲಿನ್ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆರು ತಿಂಗಳವರೆಗೆ, 37 ಡಿಗ್ರಿಯಲ್ಲಿ ಎರಡು ತಿಂಗಳವರೆಗೆ ಗಣನೀಯವಾಗಿ ಶಕ್ತಿ ಕಳೆದುಕೊಳ್ಳುವುದಿಲ್ಲ. ಮಣ್ಣಿನ ಕುಡಿಕೆಯಂಥ ಸರಳ ತಂಪುಸಾಧನಗಳೂ ನೆರವಾಗುತ್ತವೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರುಗಳಲ್ಲಿ ಫ್ರಿಜ್ ಇಲ್ಲದವರಿಗೆ ಇನ್ಸುಲಿನ್ ಬರೆದುಕೊಡಲು ಹಿಂಜರಿಯುವ ವೈದ್ಯರಿಗೆ ಈ ಮಾಹಿತಿ ತಲುಪಿದರೆ, ಅದರ ಲಾಭ ಮುಂದಿನ ಮಾತ್ರೆಗಾಗಿ ಕಾಯದೆ ಈ ಬೇಸಿಗೆಯಲ್ಲೇ ಸಿಗುತ್ತದೆ.